ಅರವತ್ತೊಂದರ ಗೆರೆ

ಮೇಟ್ಟೂರು ಅಣೆಕಟ್ಟಿನ ಹಿನ್ನೀರಿನ ಕೊಳತ್ತೂರು ದಡದಲ್ಲಿ ನಾನು ಹುಡುಕುತ್ತಿದ್ದದ್ದು ಒಂದು ದೂರಿನ ಕಾರಣವನ್ನು. ದಡದ ಹಳ್ಳಿಗಳಲ್ಲಿ ಫೋನಿನ ಸಿಗ್ನಲ್ ಕಡ್ಡಿಗಳೆಲ್ಲ ತುಂಬಿ ನಿಂತಿರುತ್ತವೆ, ಮಾತು ಮಾತ್ರ ನಡುವೆಯೇ ಕಡಿದು ಬೀಳುತ್ತದೆ. ಸಿಗ್ನಲ್ಲೇ ಇಲ್ಲದಿದ್ದರೆ ಜನ ಬೈದು ಸುಮ್ಮನಾಗುತ್ತಾರೆ. ಇದ್ದೂ ಮಾತು ಸತ್ತರೆ ಅವರಿಗೆ ಮೋಸ ಹೋದಂತಾಗುತ್ತದೆ. ಇಂಥ ಕಡೆಗೆ ಪರೀಕ್ಷೆಯ ಫೋನು, ಲ್ಯಾಪ್‌ಟಾಪ್ ಹೊತ್ತು ಹೋಗಿ ಅಳೆದು ವರದಿ ಕೊಡುವುದು ನನ್ನ ಕೆಲಸ.

ಕಡ್ಡಿಗಳು ನಮ್ಮ ಸಮಾಧಾನಕ್ಕಾಗಿ ಬರೆದ ಚಿತ್ರ. ಅದರ ಹಿಂದೆ ಫೋನು ತನಗಾಗಿ ಇಟ್ಟುಕೊಂಡ ಪರದೆಯೊಂದಿದೆ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ನಂಬರ್ ಒತ್ತುವ ಜಾಗದಲ್ಲಿ ನಕ್ಷತ್ರ, ಹ್ಯಾಶ್, ನಕ್ಷತ್ರ, ಹ್ಯಾಶ್, ನಾಲ್ಕು ಆರು ಮೂರು ಆರು, ಮತ್ತೆ ಹ್ಯಾಶ್, ನಕ್ಷತ್ರ, ಹ್ಯಾಶ್, ನಕ್ಷತ್ರ ಒತ್ತಿದರೆ ಅದು ತೆರೆಯುತ್ತದೆ. ಸಣ್ಣ ಅಕ್ಷರದ ಸಾಲುಗಳು. ಮೊದಲ ಸಾಲಿನಲ್ಲಿ ಫೋನು ಈಗ ಯಾವ ಗೋಪುರದ ಯಾವ ಮುಖದೊಡನೆ ಮಾತಾಡುತ್ತಿದೆ ಎಂಬುದು. ಗೋಪುರಕ್ಕೆ ಸಾಮಾನ್ಯವಾಗಿ ಮೂರು ದಿಕ್ಕಿಗೆ ಆಂಟೆನಾ, ಅಂದರೆ ಮೂರು ಮುಖ, ಪ್ರತಿ ಮುಖಕ್ಕೂ ಅದರದೇ ಸಂಖ್ಯೆ. ಪಕ್ಕದಲ್ಲಿ ಸಿಗ್ನಲ್ಲಿನ ಬಲ, ಮೈನಸ್ ಲೆಕ್ಕದಲ್ಲಿ. ಸೊನ್ನೆಯ ಕಡೆಗೆ ಬಂದಷ್ಟೂ ಜೋರು. ಕೆಳಗಿನ ಸಾಲುಗಳಲ್ಲಿ, ಮಾತಿಲ್ಲದೆ ಬರೀ ಕಿವಿಗೆ ಬೀಳುತ್ತಿರುವ ಅಕ್ಕಪಕ್ಕದ ಗೋಪುರಗಳು. ಮೊದಲ ಸಾಲಿನ ಕಟ್ಟಕಡೆಗೆ ಟಿಎ ಎಂಬ ಪುಟ್ಟ ಅಂಕಿ.

ಒಂದೇ ಗೋಪುರದೊಡನೆ ನೂರಾರು ಫೋನುಗಳು ಸರದಿಯ ಮೇಲೆ ಮಾತಾಡುತ್ತವೆ. ದೂರದ ಫೋನಿನ ದನಿ ಬಂದು ಮುಟ್ಟುವುದು ಒಂದಿಷ್ಟು ತಡ. ಸರದಿ ತಪ್ಪಬಾರದೆಂದು ಗೋಪುರ ಪ್ರತಿಯೊಂದಕ್ಕೂ ಬಿಡಿಬಿಡಿಯಾಗಿ ಹೇಳುತ್ತಿರುತ್ತದೆ: ನೀನು ದೂರ ಇದ್ದೀಯ, ಇಷ್ಟು ಮುಂಚೆ ಬಾಯಿ ಬಿಡು. ಆ ‘ಇಷ್ಟು’ ಎಂಬುದೇ ಟಿಎ. ಒಂದು ಅಂಕಿ ಏರಿದರೆ ಸುಮಾರು ಎಂಬತ್ತು ಮೀಟರ್ ದೂರವಾದಂತೆ. ಬೆಳಕಿನ ವೇಗದಲ್ಲಿ ಓಡುವ ದನಿಯ ಎಂಬತ್ತು ಮೀಟರ್ ತಡವನ್ನು ಒಂದು ಕಬ್ಬಿಣದ ಗೋಪುರ ಎಣಿಸುತ್ತದೆ. ಸೇಲಂನ ಕಾಲೇಜಿನಲ್ಲಿ ಇದನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆದಿದ್ದೆ. ಅದು ಎಂಥ ಮಾತು ಎಂದು ತಿಳಿದದ್ದು ಆ ನೀರಿನ ಮೇಲೆ.

ದಡದಲ್ಲಿ ಅಳೆದಾಗ ಕಾರಣ ಸಿಕ್ಕಿತು. ಹಳ್ಳಿಯ ಫೋನುಗಳು ಹಿಡಿಯುತ್ತಿದ್ದದ್ದು ಕೊಳತ್ತೂರು ಕಡೆಯ ಗೋಪುರವನ್ನಲ್ಲ, ನೀರಿನಾಚೆ ಧರ್ಮಪುರಿ ಕಡೆಯ ದಿಬ್ಬದ ಮೇಲಿರುವುದನ್ನು. ಅದರ ಒಂದು ಮುಖ, ಇನ್ನೂರ ಹನ್ನೆರಡು, ನೀರಿನ ಮೇಲೆ ತಡೆಯಿಲ್ಲದೆ ಜಾರಿ ಬಂದು ಇಲ್ಲಿನ ಮನೆಗಳೊಳಗೆ ನುಗ್ಗುತ್ತಿತ್ತು. ಅದರ ಕೂಗು ಇಲ್ಲಿಗೆ ಚೆನ್ನಾಗಿ ಕೇಳುತ್ತದೆ. ಇಲ್ಲಿನ ಮನೆಯೊಳಗಿಂದ ಓಗೊಟ್ಟರೆ ಅಲ್ಲಿಗೆ ಮುಟ್ಟುವುದಿಲ್ಲ. ಆ ಮುಖವನ್ನು ನೆಲದ ಕಡೆಗೆ ಒಂದಿಷ್ಟು ಬಾಗಿಸಿದರೆ ತೊಂದರೆ ತೀರಿತು. ಯಾರೂ ಗೋಪುರ ಹತ್ತಬೇಕಿಲ್ಲ, ದೂರದ ನಿಯಂತ್ರಣ ಕೊಠಡಿಯಲ್ಲಿ ಕೂತೇ ಬಾಗಿಸಬಹುದು.

ನೀರಿನ ನಡುವೆ ಹೇಗಿದೆ ಎಂದೂ ಅಳೆಯಬೇಕಿತ್ತು. ಅದಕ್ಕೆ ಮೀನು ಹಿಡಿಯುವ ಒಬ್ಬರ ಪರಿಸಲು ಗೊತ್ತು ಮಾಡಿಕೊಂಡೆ. ಪರಿಸಲು ಎಂದರೆ ಬುಟ್ಟಿಯಂಥ ದುಂಡು ದೋಣಿ, ಅವರದು ಫೈಬರಿನದು. ನಾನು ನೀರಿನಾಚೆಯ ಪೆನ್ನಾಗರ ಕಡೆಯವಳು, ನಮ್ಮ ಮನೆಯಲ್ಲೂ ಕನ್ನಡವೇ ಎಂದು ಗೊತ್ತಾದ ಮೇಲೆ ಅವರು ‘ಮೇಡಮ್’ ಬಿಟ್ಟು ‘ಟವರಮ್ಮ’ ಎನ್ನತೊಡಗಿದರು. ನಾನು ಅವರನ್ನು ಪರಿಸಲಣ್ಣ ಎನ್ನುತ್ತಿದ್ದೆ.

ಪರದೆಯ ಅಂಕಿ ನೀರಿನ ಮೇಲೆ ಇಳಿಯುವುದನ್ನು ನೋಡಿ ಅವರಿಗೆ ಚಟ ಹತ್ತಿತು. ತಮ್ಮ ಫೋನಿನಲ್ಲೂ ಆ ಪರದೆ ತೆರೆಸಿಕೊಂಡರು. ಹೆಚ್ಚಿನ ಫೋನುಗಳಲ್ಲಿ ಟಿಎ ಜಾಗ ಖಾಲಿ ಇರುತ್ತದೆ. ಅವರ ಅಗ್ಗದ ಫೋನಿನಲ್ಲಿ ತುಂಬಿ ಬಂತು. ಹ್ಯಾಶ್ ಗುರುತನ್ನು ಅವರು ‘ಕಿಟಕಿ ಕಂಬಿ’ ಎಂದು ಕರೆದರು.

“ಅಲ್ಲ ಟವರಮ್ಮ, ನಾನ್ ಎಷ್ಟ್ ದೂರ ಇವ್ನಿ ಅಂತ ಆ ಕಂಬಕ್ಕೆ ಕೇಳ್ದೇನೇ ಗೊತ್ತಾಯ್ತದಾ?”

“ಗೊತ್ತಾಗುತ್ತೆ.”

“ಅಂಗಾದ್ರೆ ನನ್ ಎಂಡ್ರಿಗಿಂತ ಮೇಲು. ಇವ್ಳು ದಿನಾ ಐವತ್ ಸಲ ಪೋನ್ ಮಾಡಿ ಎಲ್ಲಿದ್ದೀಯ ಅಂತಾಳೆ.”

ದಡದಲ್ಲಿ ಬಲೆ ಬಿಡಿಸುತ್ತಿದ್ದ ಹೆಂಡತಿ ತಲೆಯೆತ್ತಲಿಲ್ಲ. “ಮಾಡಿದ್ರೆ ಎತ್ತುತೀಯಾ? ಪೋನ್ ತೂಕ್ಕುಚಟ್ಟಿಯಾಗೆ ಆಕಿ ಮುಚ್ಚಿ ಮಡಗ್ತೀಯ. ಅನ್ನ ಏನ್ ಮಾತಾಡ್ತದಾ?”

ಅದು ಆ ದಡದ ರೂಢಿ. ಫೋನು ನೆನೆಯಬಾರದೆಂದು ಎಲ್ಲರೂ ಅದನ್ನು ಊಟ ಒಯ್ಯುವ ತೂಕ್ಕುಚಟ್ಟಿಯೊಳಗೆ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬದೊಳಗೆ ಇಟ್ಟು ಮುಚ್ಚುತ್ತಾರೆ. ನೀರು ಒಳಗೆ ಹೋಗುವುದಿಲ್ಲ, ನಿಜ. ಅಲೆಯೂ ಹೋಗುವುದಿಲ್ಲ. ಸ್ಟೀಲಿನೊಳಗೆ ಮುಚ್ಚಿದ ಫೋನು ಲೋಕಕ್ಕೆ ಸತ್ತಂತೆ. ಹೇಳಿದ್ದೆ. “ನೆಂದ್ರೂ ಸಾಯ್ತದೆ, ಮುಚ್ಚಿದ್ರೂ ಸಾಯ್ತದೆ. ಮುಚ್ಚಿದ್ರೆ ತಿರ್ಗಾ ಬದುಕ್ತದಲ್ಲ” ಎಂದಿದ್ದರು ಪರಿಸಲಣ್ಣ.

ವರದಿ ಒಪ್ಪಿಗೆಯಾಗಿ ಬಂತು. ಸಂಜೆ ಐದಕ್ಕೆ ಆ ಮುಖ ಬಾಗುತ್ತದೆ, ಮುಂಚೆ ಹೇಗಿತ್ತು, ಆಮೇಲೆ ಹೇಗಾಯಿತು ಎಂದು ನಾನು ದಡದಲ್ಲೇ ಇದ್ದು ಅಳೆಯಬೇಕು. ಆ ದಿನ ಪರಿಸಲಣ್ಣನಿಗೆ ನನ್ನ ಕೆಲಸವಿರಲಿಲ್ಲ. ಊಟದ ಹೊತ್ತಿಗೆ ಗಾಳಿಯ ವಾಸನೆ ಬದಲಾಗಿತ್ತು. ಬಲೆ ಎತ್ತಿ ಬಂದುಬಿಡುತ್ತೇನೆಂದು ಅವರೊಬ್ಬರೇ ಹೊರಟರು.

ಮಳೆ ಮೊದಲು ಎದುರು ದಡವನ್ನು ನುಂಗಿತು. ಆಮೇಲೆ ನೀರಿನ ನಡುವನ್ನು. ಗಾಳಿ ಹೊಗೇನಕಲ್ ಕಡೆಯಿಂದ, ಹೊಳೆ ಬರುವ ಸಂದಿನಿಂದ, ಅಣೆಕಟ್ಟಿನ ಕಡೆಗೆ ಬೀಸುತ್ತಿತ್ತು. ಬೆನ್ನ ಹಿಂದೆ ಪಾಲಮಲೆ ಅಳಿಸಿಹೋಯಿತು. ಹತ್ತಿರದಲ್ಲಿದ್ದ ಪರಿಸಲುಗಳು ಒಂದೊಂದಾಗಿ ದಡಕ್ಕೆ ಬಂದು ಬೋರಲಾದವು. ಪರಿಸಲಣ್ಣನದು ಬರಲಿಲ್ಲ. ಹೆಂಡತಿ ಫೋನು ಮಾಡುತ್ತಲೇ ಇದ್ದರು. ತಮಿಳಿನ ಹೆಣ್ಣುದನಿ, ಸಂಪರ್ಕ ಎಲ್ಲೆಯ ಹೊರಗಿದ್ದಾರೆ ಎಂದು ಹೇಳುತ್ತಲೇ ಇತ್ತು.

“ಡಬ್ಬ ಮುಚ್ಚವ್ನೆ” ಎಂದರು. ಇನ್ನೊಂದು ಸಲ ನಂಬರ್ ಒತ್ತಿ, “ಮುಚ್ಚಿರ್ಬೇಕು ಅಲ್ವಾ ಮ್ಮಾ?” ಎಂದು ನನ್ನನ್ನು ಕೇಳಿದರು.

ನನ್ನ ಫೋನು ಬಡಿದುಕೊಂಡಿತು. ಅವರೇ.

“ಟವರಮ್ಮ, ಉಟ್ಟು ಓಯ್ತು.”

ಪರಿಸಲು ನಡೆಸಲು ಇರುವುದು ಒಂದೇ ಹುಟ್ಟು. ಅದಿಲ್ಲದಿದ್ದರೆ ಪರಿಸಲು ಗಿರಕಿ ಹೊಡೆಯುತ್ತ ಗಾಳಿ ಕರೆದಲ್ಲಿಗೆ ಹೋಗುತ್ತದೆ. ಒಳಗೆ ನೀರೂ ಬರುತ್ತಿತ್ತು. ಅಲೆ ಅಂಚಿನ ಮೇಲೆ ಹಾಯುತ್ತಿತ್ತು.

“ಎಲ್ಲಿದ್ದೀರಿ?”

“ಎಲ್ಲಿ ಅಂತ ಏಳ್ಲಿ? ನೀರಾಗೆ ಇವ್ನಿ. ಸುತ್ತ ಬೆಳ್ಳಗೈತೆ. ಮಲೆನೂ ಕಾಣಾಕಿಲ್ಲ, ದಡಾನೂ ಕಾಣಾಕಿಲ್ಲ. ಗಿರ್ರಂತ ಸುತ್ತಿ ಸುತ್ತಿ ಯಾವ್ ಕಡೆ ಯಾವ್ದು ಅಂತ ಮರ್ತೋಯ್ತು.”

ಹೆಂಡತಿ ನನ್ನ ಕೈಯಲ್ಲಿದ್ದ ಫೋನಿಗೇ ಬಾಯಿ ಇಟ್ಟರು. “ಯೋವ್! ಬಡ್ಕೊಂಡೆನಲ್ಲ ಓಗ್ಬ್ಯಾಡ ಅಂತ!”

“ಆಮ್ಯಾಕೆ ಬೈಯೇ. ಚಾರ್ಜ್ ಕಮ್ಮಿ ಐತೆ.”

ಅಷ್ಟು ದೊಡ್ಡ ನೀರಿನ ಮೇಲೆ ಒಂದು ಬುಟ್ಟಿಯನ್ನು ಮಳೆಯಲ್ಲಿ ಹುಡುಕುವುದೆಂದರೆ ಎಲ್ಲಿಂದ ಆರಂಭಿಸಬೇಕು? ರಕ್ಷಣಾ ಪಡೆಗೆ ಫೋನಾಗಿತ್ತು, ಅವರು ಮೇಟ್ಟೂರಿನಿಂದ ಬರಬೇಕು. ದಡದಲ್ಲಿ ಇದ್ದದ್ದು ಒಂದೇ ಮೋಟಾರ್ ದೋಣಿ. ಒಂದು ತಪ್ಪು ದಿಕ್ಕು ಹಿಡಿದರೆ ಬೆಳಕು ಮುಗಿಯುತ್ತದೆ.

“ಅಣ್ಣಾ, ಮಾತು ಕಟ್ ಮಾಡಬೇಡಿ. ಸ್ಪೀಕರ್ ಹಾಕಿ ಆ ಪರದೆ ತೆಗೆಯಿರಿ. ನಂಬರ್ ಒತ್ತೋ ಜಾಗಕ್ಕೆ ಹೋಗಿ.”

“ಕೈ ಒದ್ದೆ ಮ್ಮಾ, ಒಂದ್ ಒತ್ತಿದ್ರೆ ಇನ್ನೊಂದ್ ಬೀಳ್ತೈತೆ.”

“ತಲೆಗೂದಲಿಗೆ ಒರೆಸಿಕೊಳ್ಳಿ.”

“ಕೂದ್ಲು ಏನ್ ಒಣಗೈತಾ?” ಆ ಸ್ಥಿತಿಯಲ್ಲೂ ನಕ್ಕರು. “ನಕ್ಷತ್ರ... ಕಿಟಕಿ ಕಂಬಿ... ಥೂ.” ಮೊದಲಿಂದ. ಮತ್ತೆ ಮೊದಲಿಂದ. ಪ್ರತಿ ಸಲ ಅಲೆಯೊಂದು ಎಣಿಕೆಯನ್ನು ಮುರಿಯುತ್ತಿತ್ತು. ಕೊನೆಗೆ, “ಬಂತು. ಇರುವೆ ಸಾಲು ಬಂತು.”

“ಮೊದಲ ಸಾಲು ಓದಿ.”

“ಇನ್ನೂರ ಅನ್ನೆರಡು. ಆಮ್ಯಾಕೆ ಏನೋ ಉದ್ದಕ್ಕೈತೆ. ಕಟ್ಟಕಡೇಲಿ ಅರವತ್ತೊಂದು.”

“ಅದರ ಕೆಳಗೆ ಪಾಲಮಲೆ ಕಡೆಯ ಗೋಪುರದ್ದು, ಎಂಬತ್ತೇಳು ಅಂತ ಇದೆಯಾ?”

“ಐತೆ. ಮೈನಸ್ ನೂರ ಅದಿನೇಳು.”

ಇನ್ನೂರ ಹನ್ನೆರಡು: ಧರ್ಮಪುರಿ ಕಡೆಯ ಗೋಪುರದ ನೀರು ನೋಡುವ ಮುಖ. ಅರವತ್ತೊಂದು: ಅಲ್ಲಿಂದ ಐದು ಕಿಲೋಮೀಟರಿಗೆ ಸ್ವಲ್ಪ ಕಮ್ಮಿ. ಲ್ಯಾಪ್‌ಟಾಪಿನ ನಕ್ಷೆಯಲ್ಲಿ ಅಷ್ಟು ದೂರಕ್ಕೆ ಗೆರೆ ಎಳೆದೆ. ನೀರಿನ ನಡುವೆ ಕುಡುಗೋಲಿನಂತೆ ಬಾಗಿದ ಒಂದು ಗೆರೆ. ಪರಿಸಲಣ್ಣ ಆ ಗೆರೆಯ ಮೇಲೆ ಎಲ್ಲೋ ಒಂದು ಕಡೆ ಇದ್ದರು. ಒಂದು ಕ್ಷಣದ ಹಿಂದೆ ಅವರು ಇಡೀ ಜಲಾಶಯದಲ್ಲಿ ಕಳೆದುಹೋಗಿದ್ದರು; ಈಗ ಒಂದು ಗೆರೆಯಷ್ಟು ಅಗಲದಲ್ಲಿದ್ದರು.

“ಸರಿ ಮ್ಮಾ, ಮಳೆ ಬಡೀತೈತೆ. ಡಬ್ಬದಾಗೆ ಇಟ್ಟು ಮುಚ್ತೀನಿ.”

“ಮುಚ್ಚಬೇಡಿ!” ಕಿರುಚಿದೆ. “ಮಾತು ನಡೀತಾ ಇದ್ದರೆ ಮಾತ್ರ ಆ ಅಂಕಿಗೆ ಜೀವ. ಎದೆಗೆ ಇಟ್ಟುಕೊಂಡು ಮೇಲೆ ಪ್ಲಾಸ್ಟಿಕ್ ಹೊದೆಯಿರಿ.”

“ಆಯ್ತು ಬುಡು. ಡಬ್ಬ ನೀರ್ ಮೊಗಿಯಾಕೆ ಆಯ್ತು.”

ಆಗ ಹೊಳೆಯಿತು. ಅವರ ಮಾತನ್ನು ಕೇಳಿಸಿಕೊಳ್ಳುತ್ತಿದ್ದದ್ದು ಆ ಒಂದೇ ಮುಖ, ನಾನೇ ಬಾಗಿಸಿ ಎಂದು ಬರೆದುಕೊಟ್ಟ ಮುಖ. ಐದು ಗಂಟೆಗೆ ಅದು ನೆಲ ನೋಡುತ್ತದೆ. ನೀರಿನ ನಡುವಿನ ಮನುಷ್ಯ ಅದರ ಕಿವಿಯಿಂದ ಜಾರಿಹೋಗುತ್ತಾನೆ. ಐದಕ್ಕೆ ಹೆಚ್ಚು ಹೊತ್ತಿರಲಿಲ್ಲ.

ಹೆಂಡತಿಯ ಫೋನಿನಿಂದ ನಿಯಂತ್ರಣ ಕೊಠಡಿಗೆ ಕರೆ ಮಾಡಿದೆ. ಅಲ್ಲಿಯ ಯುವಕ ತಮಿಳಿನಲ್ಲಿ ಸಮಾಧಾನವಾಗಿ ಹೇಳಿದ: “ಮೇಡಮ್, ಅಪ್ರೂವ್ ಆದ ಕೆಲಸ. ಹೊತ್ತಿಗೆ ಸರಿಯಾಗಿ ತಾನೇ ಓಡುತ್ತದೆ. ನಿಲ್ಲಿಸಬೇಕಾದರೆ ನಿಮ್ಮ ಮೇಲಿನವರ ಮೇಲ್ ಬೇಕು.”

“ಆ ಸೆಲ್‌ನಲ್ಲಿ ಈಗ ಒಂದು ಕರೆ ನಡೆಯುತ್ತಿದೆ. ನಡುನೀರಿನಲ್ಲಿ ಒಬ್ಬರು ಮುಳುಗುತ್ತಿದ್ದಾರೆ. ಅದು ಕಡಿದರೆ ಹುಡುಕಲು ಏನೂ ಉಳಿಯುವುದಿಲ್ಲ.”

ಆ ಕಡೆ ಕೀಲಿ ಒತ್ತುವ ಸದ್ದು. ಆಮೇಲೆ ದನಿ ಬದಲಾಗಿತ್ತು. “ಕಾಣುತ್ತಿದೆ ಮೇಡಮ್. ಆ ದೂರದಲ್ಲಿ ಒಂದೇ ಒಂದು.” ಮತ್ತೆ ಕೀಲಿಗಳ ಸದ್ದು. “ನಿಲ್ಲಿಸಿದ್ದೇನೆ. ಮೇಲ್ ಆಮೇಲೆ ನೋಡಿಕೊಳ್ಳೋಣ. ನೀವು ಹೋಗಿ” ಎಂದ. ಅವನ ಮುಖ ಇಂದಿಗೂ ನೋಡಿಲ್ಲ. (ಆ ಮುಖವನ್ನು ಬಾಗಿಸುವ ಕೆಲಸ ಬಹಳ ದಿನಗಳ ಮೇಲೆ ಆಯಿತು, ಅದಕ್ಕೆ ಮೊದಲು ಈ ದಡದ ಗೋಪುರದಲ್ಲಿ ನೀರಿನ ಕಡೆಗೊಂದು ಮುಖ ಕೂರಿಸಬೇಕೆಂದು ಹಟ ಹಿಡಿದೆ.)

ಮೋಟಾರ್ ದೋಣಿಯಲ್ಲಿ ನಾವಿಬ್ಬರೇ, ದೋಣಿ ನಡೆಸುವವರು ಮತ್ತು ನಾನು. ಸೊಂಟಕ್ಕೆ ಲಾರಿ ಟ್ಯೂಬು. ನನ್ನ ಸ್ವಂತ ಫೋನಿನಲ್ಲಿ ಪರಿಸಲಣ್ಣನ ಉಸಿರು. ಇನ್ನೊಂದು ಕೈಯಲ್ಲಿ ಪರೀಕ್ಷೆಯ ಫೋನು. ಅದನ್ನು ಬೇರೆ ಯಾವ ಗೋಪುರಕ್ಕೂ ಹೋಗದಂತೆ ಇನ್ನೂರ ಹನ್ನೆರಡಕ್ಕೇ ಕಟ್ಟಿಹಾಕಿ, ಅಂಕಿ ಜೀವಂತವಾಗಿರಲೆಂದು ಡೇಟಾ ಓಡಿಸುತ್ತಿದ್ದೆ. ದಡದಲ್ಲಿ ತೊಂಬತ್ತಿದ್ದದ್ದು ಇಳಿಯತೊಡಗಿತು. ಎಂಬತ್ತನಾಲ್ಕು. ಎಪ್ಪತ್ತೊಂಬತ್ತು. ದಡ ಮಾಯವಾಯಿತು. ಆಮೇಲೆ ಎಲ್ಲ ದಿಕ್ಕೂ ಒಂದೇ ಬಣ್ಣ. ಅಲೆ ದೋಣಿಯನ್ನು ಎತ್ತಿ ಕುಕ್ಕಿದಾಗಲೆಲ್ಲ ನಾನು ಹಲಗೆಯನ್ನು ಬಿಟ್ಟು ಫೋನನ್ನು ಹಿಡಿದುಕೊಳ್ಳುತ್ತಿದ್ದೆ. ಈಗಲೂ ಬಸ್ಸು ಹಳ್ಳಕ್ಕಿಳಿದು ಎದ್ದರೆ ನನ್ನ ಕೈ ಹಾಗೇ ಬಿಗಿಯುತ್ತದೆ.

“ಬಲೆ ಮೇಲ್ಗಡೆ ಐತೆ” ಎಂದರು ದೋಣಿಯವರು. “ಆಳು ಬಲೆ ತಾವೇ ಇರ್ತಾನೆ. ಬಲೆ ಬುಟ್ಟು ಯಾವನ್ ಓಯ್ತಾನೆ?”

ಮಾತು ಸರಿ ಎನ್ನಿಸಿತು. ಮೇಲಕ್ಕೆ, ಗಾಳಿಗೆ ಎದುರಾಗಿ ಹೋದೆವು. ಅಂಕಿ ಅರವತ್ತೊಂದಕ್ಕೆ ಬಂದಾಗ ಬಲೆಯ ಬೆಂಡುಗಳು ಕಂಡವು. ಮನುಷ್ಯ ಇರಲಿಲ್ಲ. ಸುತ್ತ ಕೂಗಿದೆವು. ಮಳೆ ಕೂಗನ್ನು ಬಾಯಿಯ ಮುಂದೆಯೇ ಕೆಡವುತ್ತಿತ್ತು.

ಗೆರೆಯ ಮೇಲೆ ಇದ್ದೇವೆ, ಆದರೆ ಗೆರೆಯ ಯಾವ ತುದಿಯಲ್ಲಿ? ಕೆಳಗಿನ ಸಾಲು ನೋಡಿದೆ. ಎಂಬತ್ತೇಳು ಎಂಬುದು ಪಾಲಮಲೆಯ ಬುಡದ ಗೋಪುರ, ನಮಗೆ ವಾಯವ್ಯಕ್ಕೆ. ನನ್ನ ಫೋನಿನಲ್ಲಿ ಅದು ಮೈನಸ್ ನೂರನಾಲ್ಕು. ಹಿಂದೆ ಎರಡೂ ಫೋನುಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದೆ, ಅವರದು ಮೂರು ಅಂಕಿ ಮಂದಕಿವಿ. ಆ ಮೂರನ್ನು ಬಿಟ್ಟರೂ ನಮಗೆ ಆ ಗೋಪುರ ಅವರಿಗಿಂತ ಬಹಳ ಜೋರಾಗಿ ಕೇಳುತ್ತಿತ್ತು. ಅಂದರೆ ನಾವು ಅದಕ್ಕೆ ಹತ್ತಿರ, ಅವರು ದೂರ.

“ಅಣ್ಣಾ, ಈಗ ಓದಿ.”

“ಅರವತ್ತೆರ್ಡು. ಎಂಬತ್ತೇಳ್ರದ್ದು... ನೂರಾ ಅತ್ತೊಂಬತ್ತು.” ಹಲ್ಲು ಕಡಿಯುತ್ತಿದ್ದವು. “ಕೈ ಓಯ್ತಾ ಐತೆ ಟವರಮ್ಮ. ಮೊಗ್ದಷ್ಟೂ ಬತ್ತಾ ಐತೆ.”

“ಕೆಳಕ್ಕೆ ತಿರುಗಿಸಿ” ಎಂದೆ ದೋಣಿಯವರಿಗೆ. “ಗಾಳಿಯ ಜೊತೆ. ಬಲೆ ಬಿಟ್ಟು ಬಹಳ ದೂರ ಹೋಗಿದ್ದಾರೆ.”

ಅವರು ನನ್ನನ್ನೂ ಫೋನನ್ನೂ ನೋಡಿದರು. “ಆ ಕಡೆ ಏನೂ ಕಾಣಾಕಿಲ್ಲ ಮ್ಮಾ.”

“ಈ ಕಡೆ ಕಾಣುತ್ತಾ?”

ತಿರುಗಿಸಿದರು.

ಆಮೇಲಿನ ಹೊತ್ತನ್ನು ನಾನು ಮತ್ತೆ ಮತ್ತೆ ನೋಡುತ್ತಿರುತ್ತೇನೆ. ಕಣ್ಣಿಗೆ ಏನೂ ಇಲ್ಲ. ಅಂಗೈಯಗಲದ ಬೆಳಕಿನಲ್ಲಿ ಎರಡು ಅಂಕಿ. ಅರವತ್ತಮೂರಾದರೆ ಎಡಕ್ಕೆ ಎನ್ನುವೆ, ಅರವತ್ತಾದರೆ ಬಲಕ್ಕೆ. ದೋಣಿ ಕಾಣದ ಗೆರೆಯೊಂದರ ಮೇಲೆ ಹಗ್ಗದ ಮೇಲೆ ನಡೆಯುವಂತೆ ಹೋಗುತ್ತದೆ. ಎಂಬತ್ತೇಳು ಮೆಲ್ಲಗೆ ಸಣ್ಣಗಾಗುತ್ತದೆ. ನೂರೆಂಟು. ನೂರಹನ್ನೊಂದು. ಹಾರುತ್ತದೆ, ಮತ್ತೆ ಇಳಿಯುತ್ತದೆ. ಮಳೆಯಾಚೆ, ನಾನು ಹುಟ್ಟಿದ ಕಡೆಯ ದಿಬ್ಬದ ಮೇಲೆ, ಒಂದು ಗೋಪುರ ನಮ್ಮಿಬ್ಬರಿಗೂ ಬೇರೆಬೇರೆಯಾಗಿ ಹೇಳುತ್ತಿದೆ: ನೀನು ಇಷ್ಟು ದೂರ, ನೀನೂ ಇಷ್ಟೇ ದೂರ. ಅದಕ್ಕೆ ನಾವು ಯಾರೆಂದು ಗೊತ್ತಿಲ್ಲ. ಮಳೆ ಬರುತ್ತಿದೆ ಎಂದೂ ಗೊತ್ತಿಲ್ಲ. ಆದರೂ ನಮ್ಮನ್ನು ಒಂದು ಕ್ಷಣಕ್ಕೂ ಬಿಡದೆ ಅಳೆಯುತ್ತಿದೆ.

“ಓದಿ ಅಣ್ಣಾ.”

ಫೋನಿನೊಳಗೆ ಬರೀ ಮಳೆಯ ಸದ್ದು.

“ಅಣ್ಣಾ!”

“...ಪೋನ್ ಗಾಜು ಮಂಜಾಗೈತೆ. ಅರವತ್ತೆರ್ಡೇ.”

ನನ್ನದೂ ಅರವತ್ತೆರಡು. ಎಂಬತ್ತೇಳು ನೂರಹದಿನಾರು. ಅವರ ಮಂದಕಿವಿ ಸೇರಿಸಿದರೆ ನೂರ ಹತ್ತೊಂಬತ್ತು. ಲೆಕ್ಕ ಕೂಡಿತು. ಇಲ್ಲೇ ಇರಬೇಕು. ಸುತ್ತ ಬರೀ ಬಿಳಿ.

ದೋಣಿಯವರು ಇಂಜಿನ್ ತಗ್ಗಿಸಿ ಕಿವಿಗೊಟ್ಟರು. ಏನೂ ಇಲ್ಲ. ಮತ್ತೆ ಜೋರು ಮಾಡಿದರು. ಆಗ ನನ್ನ ಕಿವಿಗೆ ಒತ್ತಿದ್ದ ಫೋನಿನೊಳಗೆ, ಪರಿಸಲಣ್ಣನ ಉಸಿರಿನ ಹಿಂದೆ, ತೆಳ್ಳಗೆ ಗುಂಯ್ ಎಂಬ ಒಂದು ಸದ್ದು ಕೇಳಿತು.

“ಇನ್ನೊಂದು ಸಲ ತಗ್ಗಿಸಿ.”

ತಗ್ಗಿಸಿದರು. ಒಂದು ಕ್ಷಣ ಬಿಟ್ಟು ಫೋನಿನೊಳಗಿನ ಸದ್ದೂ ತಗ್ಗಿತು. ಜೋರು ಮಾಡಿದರು, ಅದೂ ಜೋರಾಯಿತು. ನಮ್ಮದೇ ಇಂಜಿನ್ನು ಅವರ ಫೋನಿನ ಒಳಗಿಂದ ಕೇಳುತ್ತಿತ್ತು.

“ಏ, ಮೋಟ್ರು! ಮೋಟ್ರು ಕೇಳ್ತೈತೆ!” ಎಂದು ಪರಿಸಲಣ್ಣ ಫೋನಿನಲ್ಲಿ ಕೂಗಿದರು.

“ಯಾವ ಕಡೆಯಿಂದ? ಗಾಳಿ ಕಡೆಯಿಂದಲಾ?”

“ಬೆನ್ನಿಗೆ! ಗಾಳಿ ಬೆನ್ನಿಗೆ!”

ಗಾಳಿಯ ಜೊತೆಗೇ ಬಿಟ್ಟೆವು. ಮಳೆಯೊಳಗಿಂದ ಕಿತ್ತಳೆ ಬಣ್ಣದ ಅಂಚೊಂದು ಎದ್ದು ಬಂತು, ನೀರಿನಿಂದ ಗೇಣುದ್ದ ಮೇಲೆ. ಒಳಗೆ ಮಂಡಿಯೂರಿದ ಮನುಷ್ಯ, ಸೊಂಟದವರೆಗೂ ನೀರು, ಕುತ್ತಿಗೆಯ ಬಳಿ ಹೊದೆದ ಪ್ಲಾಸ್ಟಿಕ್ಕಿನೊಳಗೆ ಒಂದು ಪುಟ್ಟ ಬೆಳಕು. ದೋಣಿಯವರು ಅವರ ಕಂಕುಳಿಗೆ ಕೈ ಹಾಕಿದರು, ನಾನು ಅಂಗಿ ಹಿಡಿದೆ. ಎಳೆಯುವಾಗ ಅವರ ಕಾಲಿನ ಒದೆತಕ್ಕೆ ಪರಿಸಲು ಓರೆಯಾಗಿ ನೀರು ಕುಡಿದು ಕೆಳಗಿಳಿಯಿತು. ಅದು ಹೋದ ಜಾಗದಲ್ಲಿ ಮಳೆಯ ಹನಿಗಳು ಮತ್ತೆ ಸಮನಾಗಿ ಬೀಳತೊಡಗಿದವು.

ಅವರು ದೋಣಿಯ ತಳದಲ್ಲಿ ಮುದುಡಿ ಬಿದ್ದರು. “ಉಟ್ಟು ಒಂದ್ ಇದ್ದಿದ್ರೆ ನಿಮ್ಗ್ಯಾಕೆ ಈ ತೊಂದ್ರೆ” ಎಂದರು. ದೋಣಿಯವರು ಬೈದರು: “ಬಾಯ್ ಮುಚ್ಲಾ. ದಡದಾಗೆ ಒಬ್ಳು ಕಾಯ್ತಾವ್ಳೆ, ಅವ್ಳ್ ತಾವ ಏಳು ತೊಂದ್ರೆ ಅಂತ.”

ದಡದ ಕಡೆ ತಿರುಗಿದೆವು. ಪರೀಕ್ಷೆಯ ಫೋನಿನಲ್ಲಿ ಅಂಕಿ ಏರುತ್ತಿತ್ತು. ಅದನ್ನು ನೋಡುವ ಅಗತ್ಯವಿರಲಿಲ್ಲ, ನೋಡುತ್ತಿದ್ದೆ. ಆಗ ಒಂದು ಸಂಗತಿ ಗಮನಕ್ಕೆ ಬಂತು. ಯಾರೂ ಕರೆಯನ್ನು ಕಡಿದಿರಲಿಲ್ಲ. ಅವರ ಫೋನು ಅವರ ಎದೆಯ ಮೇಲೆ ಇನ್ನೂ ಬೆಳಗುತ್ತಿತ್ತು. ಎರಡು ಮಾರು ದೂರದಲ್ಲಿ ಅವರ ಹಲ್ಲು ಕಟಕಟ ಎನ್ನುತ್ತಿತ್ತು, ಒಂದು ಕ್ಷಣದ ಮೇಲೆ ಅದೇ ಕಟಕಟ ನನ್ನ ಕೈಯಲ್ಲಿ ಕೇಳುತ್ತಿತ್ತು. ಎದುರಿಗಿರುವ ಮನುಷ್ಯನ ನಡುಕ ಆ ದಿಬ್ಬದವರೆಗೆ ಹೋಗಿ, ಇನ್ನೆಲ್ಲೆಲ್ಲಿಗೋ ಹೋಗಿ, ದಾರಿ ತಪ್ಪದೆ ತಿರುಗಿ ನನ್ನ ಬಳಿಗೆ ಬರುತ್ತಿತ್ತು. ಬದುಕಿದ್ದಾರೆ ಎಂದು ಎರಡೆರಡು ಸಲ ಕೇಳುವುದನ್ನು ನಿಲ್ಲಿಸಲು ನನ್ನ ಬೆರಳು ಏಳಲಿಲ್ಲ.

ದಡ ಕಂಡಾಗ ಹೆಂಡತಿ ನೀರಿಗಿಳಿದು ಎದೆಮಟ್ಟಕ್ಕೆ ಬಂದುಬಿಟ್ಟಿದ್ದರು. ದೋಣಿ ನಿಲ್ಲುವ ಮುಂಚೆಯೇ ಅಂಚು ಹಿಡಿದು ಗಂಡನ ಬೆನ್ನಿಗೆ ಎರಡು ಬಾರಿಸಿದರು, ಆಮೇಲೆ ಅವರ ಒದ್ದೆ ತಲೆಯನ್ನು ಎದೆಗೆ ಒತ್ತಿಕೊಂಡು ಬಾಯಿಬಿಟ್ಟು ಅತ್ತರು. ಆ ಅಳು ನನಗೆ ಎದುರಿನಿಂದ ಕೇಳಿತು. ಮತ್ತೆ ನನ್ನ ಕೈಯೊಳಗಿಂದ ಕೇಳಿತು. ಅದು ಪೂರ್ತಿ ಬಂದು ಮುಟ್ಟುವವರೆಗೆ ಕಾದು, ಕರೆ ಕಡಿದೆ.